ಏಳನೇ ನಂಬರಿನ ಕಸ

ಸುರಪುರ
೨ ಸೆಪ್ಟೆಂಬರ್ ೨೦೨೪

ಹೊನ್ನಕಿರಣ ಲಾಡ್ಜಿಂಗ್, ಸ್ಟೇಷನ್ ರೋಡ್, ಯಾದಗಿರಿ, ಇದರ ಮ್ಯಾನೇಜರ್ ಅವರಿಗೆ,

ಕ್ಷೇಮ ಸಮಾಚಾರ ಕೇಳಲು ಬರೆದ ಪತ್ರ ಇದಲ್ಲ. ನಿಮ್ಮ ಫೋನಿಗೆ ರಿಂಗ್ ಮಾಡಿ ಮಾಡಿ ಸಾಕಾಯಿತು. ಗಂಟೆ ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಎತ್ತುವ ಮನಸ್ಸಿಲ್ಲದಿದ್ದರೆ ಬೋರ್ಡಿನ ಮೇಲೆ ಅಷ್ಟು ದಪ್ಪ ಅಕ್ಷರದಲ್ಲಿ ನಂಬರ್ ಬರೆಸಿದ್ದು ಯಾವ ಚಂದಕ್ಕೆ? ಪತ್ರವಾದರೆ ಅಂಚೆಯವನು ಕೈಗೇ ಕೊಡುತ್ತಾನೆ, ಬೇಡ ಅನ್ನಲು ಬರುವುದಿಲ್ಲ.

ನಾನು ಯಶೋಧರಾ, ಇಲ್ಲಿಯ ಸರ್ಕಾರಿ ಶಾಲೆಯ ಟೀಚರ್. ಜುಲೈ ತಿಂಗಳಲ್ಲಿ ನಾನೂ ನನ್ನ ಗಂಡ ಮರಿಲಿಂಗ ಅವರೂ ನಿಮ್ಮ ಏಳನೇ ನಂಬರ್ ರೂಮಿನಲ್ಲಿ ಮೂರು ದಿನ ಇದ್ದೆವು. ಅವರು ಬಸ್ ಡ್ರೈವರ್ ಆಗಿ ರಿಟೈರ್ ಆದವರು. ಆಸ್ಪತ್ರೆಯಲ್ಲಿ ದಿನಾ ಒಂದೊಂದು ತಪಾಸಣೆ ಇತ್ತು, ದಿನಾ ಸುರಪುರಕ್ಕೆ ಹೋಗಿ ಬರುವ ತ್ರಾಣ ಅವರಿಗೆ ಇರಲಿಲ್ಲ. ಅದಕ್ಕಾಗಿ ನಿಮ್ಮಲ್ಲಿ ಇಳಿದೆವು.

ರೂಮಿನ ಕದ ತೆಗೆದರೆ ಹಿಂದಿನವನ ಸಂಸಾರ ಹಾಗೇ ಇತ್ತು. ಗುಟ್ಕಾ ಚೀಟಿ, ಅರ್ಧ ಕುಡಿದ ನೀರಿನ ಬಾಟಲಿ, ಎಣ್ಣೆ ಹತ್ತಿದ ತಲೆದಿಂಬು, ನೆಲದ ಮೇಲೆ ಯಾರದೋ ಕೂದಲು. ಗೀಸರ್ ಕೆಟ್ಟಿತ್ತು. ಅದನ್ನು ಬಿಡಿ, ಅಗ್ಗದ ಲಾಡ್ಜಿನಲ್ಲಿ ಗೀಸರ್ ಕೆಡುವುದು ಹೊಸದೇನಲ್ಲ. ನನ್ನ ತಕರಾರು ಬೇರೆ ಇದೆ.

ನೀವು ಕೌಂಟರಿನಲ್ಲಿ ನಮ್ಮ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಿರಿ. “ಯಾವ ಪೈಕ್ರಿ?” ಎಂದು ಜಾತಿ ಕೇಳಿದಿರಿ. ನಮ್ಮವರು ನಗುತ್ತ, “ಮನುಷ್ಯಾರ ಪೈಕ್ರಿ” ಅಂದರು. ನೀವು ನಗಲಿಲ್ಲ. ಆಮೇಲೆ ನಾನು ವರಾಂಡಾದಲ್ಲಿದ್ದ ಹೆಣ್ಣುಮಗಳಿಗೆ ರೂಮಿನ ಕಸ ಹೊಡೆಯಲು ಹೇಳಿದೆ. ಕೈಯಲ್ಲಿ ಕಸಬರಿಗೆ ಹಿಡಿದುಕೊಂಡೇ ಆಕೆ, “ಈಗ ಹೊಡಿಯಂಗಿಲ್ಲ ಯವ್ವ” ಎಂದು ಮುಖ ತಿರುಗಿಸಿ ಹೋದಳು. ಪಕ್ಕದ ರೂಮಿನ ಕಸ ಮಾತ್ರ ಹೊಡೆದಳು, ನಾನು ಕಣ್ಣಾರೆ ಕಂಡಿದ್ದೇನೆ. ನಿಮಗೆ ಬಂದು ಹೇಳಿದರೆ ನೀವು ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತಿರಿ. ಎರಡನೇ ದಿನ ಸಂಜೆ ನಾನು ಜೋರು ಮಾಡಿದೆ, ಮೂರನೇ ದಿನ ರೂಮು ಸ್ವಚ್ಛವಾಗಿತ್ತು. ಅಂದರೆ ನಿಮಗೆ ಕಸ ಹೊಡೆಯಲು ಬರುತ್ತದೆ ಎಂದಾಯಿತು.

ಮೊದಲ ದಿನ ನಮ್ಮವರು ಮಂಚದ ಮೇಲೆ ಕಾಲು ಮಡಚಿಕೊಂಡು ಕೂತು, “ಹೆಸರ ನೋಡ್ಯಾರ, ಬಿಡು” ಅಂದರು. ಊರೂರು ತಿರುಗಿದ ಮನುಷ್ಯ, ಇಂಥದ್ದನ್ನು ಎಷ್ಟೋ ಕಂಡವರು. ಆದರೂ ಆ ದಿನ ಅವರ ದನಿ ಸಣ್ಣದಾಗಿತ್ತು.

ನನಗೆ ದುಡ್ಡು ವಾಪಸ್ ಬೇಡ. ಒಂದೇ ಪ್ರಶ್ನೆಗೆ ಉತ್ತರ ಬೇಕು. ನಮ್ಮ ಹೆಸರು ನೋಡಿ, ನಮ್ಮ ಜಾತಿ ಅಂದಾಜು ಮಾಡಿ ರೂಮಿನ ಕಸ ಹೊಡೆಯಲಿಲ್ಲವೋ ಹೇಗೆ? ಹೌದಾದರೆ ಹೌದು ಅನ್ನಿ. ಸುತ್ತು ಬಳಸಬೇಡಿ.

ಯಶೋಧರಾ ಮರಿಲಿಂಗ


ಯಾದಗಿರಿ
೧೨ ಸೆಪ್ಟೆಂಬರ್ ೨೦೨೪

ಮಾನ್ಯ ಗ್ರಾಹಕರೇ,

ತಮ್ಮ ದೂರನ್ನು ಸ್ವೀಕರಿಸಲಾಗಿದ್ದು, ಅದನ್ನು ಗಂಭೀರವಾಗಿ ಪರಿಗಣಿಸಲಾಗಿದೆ. ತಮಗೆ ಉಂಟಾದ ಅನಾನುಕೂಲತೆಗೆ ಆಡಳಿತ ಮಂಡಳಿಯು ವಿಷಾದಿಸುತ್ತದೆ. ಮುಂದಿನ ಭೇಟಿಯಲ್ಲಿ ತಮಗೆ ಉತ್ತಮ ಸೇವೆ ಒದಗಿಸಲು ಸಂಸ್ಥೆಯು ಬದ್ಧವಾಗಿದೆ.

ಲಿಂಗಣ್ಣ
ಮ್ಯಾನೇಜರ್

ಮೇಲಿನದು ಝೆರಾಕ್ಸ್ ಅಂಗಡಿಯ ಮಸ್ತಾನಸಾಬ ಟೈಪ್ ಮಾಡಿ ಕೊಟ್ಟಿದ್ದು. ಆಡಳಿತ ಮಂಡಳಿ ಅಂದರೆ ನಾನು ಮತ್ತು ನನ್ನ ಹೆಂಡತಿ ದೇವಕ್ಕ. ನೀವು ವರಾಂಡಾದಲ್ಲಿ ಕಂಡ ಕಸಬರಿಗೆಯ ಹೆಣ್ಣುಮಗಳು ಅವಳೇ. ನಿಮ್ಮ ಪತ್ರ ಓದಿ ಹೇಳಿದ ಮೇಲೆ ಅವಳು ಒಂದು ಮಾತು ಕೇಳಿ ಬರೆ ಎಂದು ಬೆನ್ನು ಹತ್ತಿದ್ದಾಳೆ. ಇಬ್ಬರೂ ಸುಖವಾಗಿ ಊರು ಮುಟ್ಟಿದಿರಾ?


ಸುರಪುರ
೨೦ ಸೆಪ್ಟೆಂಬರ್ ೨೦೨೪

ಲಿಂಗಣ್ಣ ಅವರಿಗೆ,

ನಾನು ಕೇಳಿದ ಪ್ರಶ್ನೆ ಒಂದು, ನೀವು ಬರೆದ ಉತ್ತರ ಇನ್ನೊಂದು. ನನ್ನ ಏಳನೇ ಕ್ಲಾಸಿನ ಮಕ್ಕಳು ಹೀಗೆ ಬರೆದರೆ ಸೊನ್ನೆ ಹಾಕಿ ಕೂರಿಸುತ್ತೇನೆ. ಮಸ್ತಾನಸಾಬರಿಗೆ ಹೇಳಿ, ಅವರ ಕನ್ನಡ ಶುದ್ಧವಾಗಿದೆ, ಒಳಗೆ ಮಾತ್ರ ಏನೂ ಇಲ್ಲ.

ಊರು ಮುಟ್ಟಿದಿರಾ ಎಂದು ಕೇಳಿದ್ದೀರಿ. ಸುರಪುರದ ಅಂಚೆ ಠಸ್ಸೆ ಬಿದ್ದ ಪತ್ರ ಕೈಯಲ್ಲಿ ಹಿಡಿದುಕೊಂಡು ಕೇಳುವ ಮಾತೇ ಇದು? ನಾನು ಮುಟ್ಟಿದ್ದೇನೆ. ಅದರಿಂದ ನಿಮ್ಮ ಮನೆಯವರಿಗೆ ಏನಾಗಬೇಕಾಗಿದೆಯೋ ತಿಳಿಯದು.

ಹೌದೋ ಅಲ್ಲವೋ, ಅಷ್ಟು ಬರೆಯಿರಿ. ಅದು ತಿಳಿಯದೆ ನನಗೆ ಈ ವಿಷಯ ಬಿಡಲು ಆಗುತ್ತಿಲ್ಲ.

ಯಶೋಧರಾ


ಯಾದಗಿರಿ
೩ ಅಕ್ಟೋಬರ್ ೨೦೨೪

ಯಶೋಧರಾ ಟೀಚರ್ ಅವರಿಗೆ ನಮಸ್ಕಾರ,

ಅಲ್ಲ. ಇದು ನಿಮ್ಮ ಪ್ರಶ್ನೆಗೆ ಉತ್ತರ. ನಿಮ್ಮ ಹೆಸರಿಗೂ ಆ ಕಸಕ್ಕೂ ಸಂಬಂಧ ಇರಲಿಲ್ಲ.

ಪೈಕಿ ಕೇಳಿದ್ದು ಮಾತ್ರ ಖರೆ. ಕೌಂಟರಿನಲ್ಲಿ ಕೂತಾಗ ಬಾಯಿಗೆ ಬರುತ್ತಿದ್ದ ಮಾತು, ಬಂದವರನ್ನೆಲ್ಲ ಕೇಳುತ್ತಿದ್ದೆ. ನಿಮ್ಮ ಯಜಮಾನರ ಉತ್ತರ ಕೇಳಿದ ಮೇಲೆ ಇದುವರೆಗೆ ಯಾರನ್ನೂ ಕೇಳಿಲ್ಲ, ಕೇಳಲು ಬಾಯಿ ಬರುವುದಿಲ್ಲ. ನೀವು ಹಾಗೆ ತಿಳಿದುಕೊಂಡಿದ್ದರಲ್ಲಿ ತಪ್ಪಿಲ್ಲ. ಹಾಗೆ ತಿಳಿದುಕೊಳ್ಳುವಂತೆ ನಮ್ಮ ಕಡೆಯವರು ನಡೆದುಕೊಂಡಿದ್ದಾರೆ.

ಇನ್ನು ಕಸದ ಮಾತು. ಇದನ್ನು ಗಿರಾಕಿಗೆ ಹೇಗೆ ಹೇಳುವುದು ಎಂದು ನಾಚಿಕೆಪಟ್ಟು ಮೊದಲ ಪತ್ರದಲ್ಲಿ ಮಸ್ತಾನಸಾಬನ ಮೊರೆ ಹೋದೆ. ನಾವು ಬಳಿಚಕ್ರದವರು. ಮೊಣಕಾಲು ನೋವಾಗಿ ಹೊಲದ ಕೆಲಸ ಆಗದಾದಾಗ ಹೊಲವನ್ನು ತಮ್ಮನಿಗೆ ಬಿಟ್ಟು, ಈ ಲಾಡ್ಜನ್ನು ಲೀಸಿಗೆ ಹಿಡಿದೆ. ನಾನು ಲಾಡ್ಜಿಗೆ ಬಂದೆ, ದೇವಕ್ಕ ಮಾತ್ರ ಇನ್ನೂ ಮನೆಯಲ್ಲೇ ಇದ್ದಾಳೆ. ಅವಳಿಗೆ ಇಲ್ಲಿಗೆ ಬರುವವರೆಲ್ಲ ಬೀಗರು.

ಮನೆಯಿಂದ ಒಬ್ಬರು ಊರಿಗೆ ಹೊರಟರೆ, ಅವರು ಮುಟ್ಟುವ ತನಕ ನಾವು ಕಸ ಹೊಡೆಯುವುದಿಲ್ಲ. ಹೆಣ ಎತ್ತಿದ ಮೇಲಷ್ಟೇ ಬೆನ್ನ ಹಿಂದೆಯೇ ಕಸ ಹೊಡೆಯುವುದು. ನಿಮಗೂ ಗೊತ್ತಿರಬಹುದು. ಈ ಪದ್ಧತಿಯನ್ನು ದೇವಕ್ಕ ಎಂಟು ರೂಮಿನ ಲಾಡ್ಜಿನಲ್ಲಿ ನಡೆಸುತ್ತಾಳೆ. ಸಮೀಪದ ಊರಿನವರಾದರೆ ಮಧ್ಯಾಹ್ನದ ಹೊತ್ತಿಗೆ ಮುಟ್ಟಿರುತ್ತಾರೆ ಎಂದು ಲೆಕ್ಕ ಹಾಕಿ ಕಸಬರಿಗೆ ಹಿಡಿಯುತ್ತಾಳೆ. ನಿಮಗಿಂತ ಮೊದಲು ಏಳನೇ ನಂಬರಿನಲ್ಲಿ ಇದ್ದವನು ಕಡೇಚೂರಿನ ಕಾರ್ಖಾನೆಯಲ್ಲಿ ದುಡಿಯುವ ಬಿಹಾರದವನು. ಅವನು ಊರಿನ ರೈಲು ಹತ್ತಿ ಹೋಗಿದ್ದ, ದೂರದ ದಾರಿ. ಉಳಿದ ರೂಮುಗಳು ಭರ್ತಿಯಾಗಿದ್ದವು. ನಿಮ್ಮ ಯಜಮಾನರು ನಿಲ್ಲಲಾರದೆ ಗೋಡೆ ಹಿಡಿದುಕೊಂಡಿದ್ದರು, ಹಾಗಾಗಿ ಕಸವಿದ್ದ ಆ ರೂಮನ್ನೇ ಕೊಟ್ಟೆ.

ಕಾರಣವನ್ನು ಆಗಲೇ ಹೇಳಬಹುದಿತ್ತಲ್ಲ ಎಂದು ಕೇಳುತ್ತೀರಿ. ದಾರಿಯಲ್ಲಿದ್ದವರ ಬಗ್ಗೆ “ಇನ್ನೂ ಮುಟ್ಟಿಲ್ಲ” ಎಂದು ಬಾಯಿ ಬಿಟ್ಟು ಹೇಳುವುದೂ ಕೆಟ್ಟದ್ದಂತೆ. ಹಾಗಾಗಿ ಅವಳು ಮುಖ ತಿರುಗಿಸುತ್ತಾಳೆ, ನಾನು ಕ್ಯಾಲೆಂಡರ್ ನೋಡುತ್ತೇನೆ. ನಮ್ಮ ಲಾಡ್ಜಿನ ವ್ಯವಸ್ಥೆ ಇಷ್ಟೇ.

ಫೋನಿನ ಕಥೆಯೂ ಇದೇ. ಹೊರಡುವವರಿಗೆಲ್ಲ ಅವಳು ಊರು ಮುಟ್ಟಿದ ಮೇಲೆ ಒಂದು ಮಿಸ್ ಕಾಲ್ ಕೊಡಿ ಎಂದು ಹೇಳಿ ಕಳಿಸುತ್ತಾಳೆ. ನಂಬರ್ ನೋಡಿ ಯಾರು ಮುಟ್ಟಿದರು ಎಂದು ಹೇಳುವುದು ನನ್ನ ಕೆಲಸ. ಎತ್ತಿದರೆ ಪಾಪ ಅವರ ದುಡ್ಡು ಕತ್ತರಿಸುತ್ತದೆ ಎಂದು ಫೋನ್ ಮುಟ್ಟಲು ಬಿಡುವುದಿಲ್ಲ. ಈಗಿನ ಕಾಲದಲ್ಲಿ ಹಾಗಿಲ್ಲ ಎಂದರೆ ಕೇಳುವುದಿಲ್ಲ. ರೂಮು ಬೇಕೆಂದು ಫೋನ್ ಮಾಡಿದವರೆಲ್ಲ ಊರು ಮುಟ್ಟಿದವರ ಲೆಕ್ಕಕ್ಕೆ ಹೋಗಿದ್ದಾರೆ. ಗೊತ್ತಿಲ್ಲದ ನಂಬರಿನಿಂದ ಒಂದು ದಿನ ಒಂದೇ ಸವನೆ ರಿಂಗ್ ಆಯಿತು, ಅದು ನಿಮ್ಮದೇ ಇರಬೇಕು. ಅವತ್ತು ದೇವಕ್ಕ, “ಯಾರೋ ಭಾಳ ಸುಖವಾಗಿ ಮುಟ್ಟ್ಯಾರ” ಅಂದಳು.

ಈಗ ನನ್ನದೊಂದು ಪ್ರಶ್ನೆ. ಜುಲೈಯಲ್ಲಿ ಮೂರನೇ ದಿನ ಸಂಜೆ ಗಾಡಿ ಬಂದು ನೀವಿಬ್ಬರೂ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಅವಸರದಲ್ಲಿ ಹೋದಿರಿ. ಅಂದಿನಿಂದ ಏಳನೇ ನಂಬರಿನ ಕಸ ಹೊಡೆದಿಲ್ಲ. ಬೀಗ ಹಾಕಿದೆ, ಯಾರಿಗೂ ಕೊಟ್ಟಿಲ್ಲ. ಯಜಮಾನರು ತಾವೇ ಮಿಸ್ ಕಾಲ್ ಕೊಡುತ್ತೇನೆ ಎಂದು ದೇವಕ್ಕನಿಗೆ ಮಾತು ಕೊಟ್ಟು ಹೋದರಂತೆ, ಕಾಲ್ ಬಂದಿಲ್ಲ. ಹೋದವರನ್ನು ಬೆನ್ನ ಹಿಂದೆ ಕರೆಯಬಾರದು, ಆದ್ದರಿಂದ ನಾವಾಗಿ ಫೋನ್ ಮಾಡುವಂತಿಲ್ಲ. ಅವಳಿಗೆ ತಿಳಿಯದಂತೆ ಮಸ್ತಾನಸಾಬನ ಅಂಗಡಿಯಿಂದ ನಾನೊಮ್ಮೆ ಮಾಡಿದೆ. ಸ್ವಿಚ್ ಆಫ್ ಎಂದು ಬಂತು.

ನಿಮ್ಮ ಪತ್ರವನ್ನು ಎರಡು ಸಲ ಓದಿಸಿಕೊಂಡ ದೇವಕ್ಕ, “ನಾನು ಮುಟ್ಟಿದ್ದೇನೆ ಅಂತ ಬರದಾಳ. ಹೋದವ್ರು ಇಬ್ಬರು” ಅಂದಳು. ಅವರು ಹೇಗಿದ್ದಾರೆ?

ನಿಮ್ಮ ವಿಶ್ವಾಸದ
ಲಿಂಗಣ್ಣ


ಸುರಪುರ
೮ ಡಿಸೆಂಬರ್ ೨೦೨೪

ಲಿಂಗಣ್ಣ ಅವರಿಗೆ, ದೇವಕ್ಕ ಅವರಿಗೆ,

ನಿಮ್ಮ ಪತ್ರ ಬಂದು ಎರಡು ತಿಂಗಳಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಮಕ್ಕಳ ಪರೀಕ್ಷೆಯ ಪೇಪರ್ ತಿದ್ದುತ್ತ ಕೂತೆ. ಮೊನ್ನೆ ಬಾಬಾಸಾಹೇಬರ ಪರಿನಿರ್ವಾಣದ ದಿನ ಓಣಿಯವರೆಲ್ಲ ಪ್ರತಿಮೆಗೆ ಹಾರ ಹಾಕಲು ಸೇರಿದ್ದೆವು. ಪ್ರತಿ ವರ್ಷ ಏಣಿ ಹತ್ತುವವರು ನಮ್ಮವರೇ. ಈ ವರ್ಷ ಏಣಿ ಇಟ್ಟುಕೊಂಡು ಎಲ್ಲರೂ ಒಂದು ಗಳಿಗೆ ನನ್ನ ಕಡೆ ನೋಡಿದರು. ಮನೆಗೆ ಬಂದ ಮೇಲೆ ಇನ್ನು ಬರೆಯಲೇಬೇಕು ಅನ್ನಿಸಿತು.

ಅವರು ತೀರಿಕೊಂಡರು. ಕಲಬುರಗಿಗೆ ಹೋದ ವಾರದಲ್ಲೇ. ಡಾಕ್ಟರರು ಕೈಲಾದದ್ದೆಲ್ಲ ಮಾಡಿದರು, ಅವರ ಮೇಲೆ ನನ್ನ ದೂರಿಲ್ಲ. ಊರಿಗೆ ಇಬ್ಬರೂ ಬಂದೆವು, ಒಂದೇ ಗಾಡಿಯಲ್ಲಿ. ಅದನ್ನು ಮುಟ್ಟಿದೆವು ಅನ್ನಬೇಕೋ ಬೇಡವೋ ನನಗೆ ತಿಳಿಯಲಿಲ್ಲ. ನಿಮ್ಮ ಪ್ರಶ್ನೆಗೆ ಒಬ್ಬಳ ಲೆಕ್ಕ ಮಾತ್ರ ಬರೆದದ್ದು ಅದಕ್ಕೇ.

ನೀವು ಬರೆದ ಪದ್ಧತಿ ನನಗೆ ಗೊತ್ತು. ರಂಗಂಪೇಟೆಯಲ್ಲಿದ್ದ ನಮ್ಮ ಅತ್ತೆಯೂ ಅದನ್ನೇ ಹೇಳುತ್ತಿದ್ದರು. ನಾನು ಓದಿದ ಸೊಸೆ, ಶಾಲೆಗೆ ಹೊತ್ತಾಗುತ್ತದೆ ಎಂದು ನಮ್ಮವರ ಬಸ್ಸು ಓಣಿ ತಿರುಗುವಷ್ಟರಲ್ಲಿ ಪಡಸಾಲೆ ಗುಡಿಸಿ ಮುಗಿಸುತ್ತಿದ್ದೆ. ಅತ್ತೆ ಬಯ್ಯುತ್ತಿದ್ದರು, ಅವರ ಮಗ ನಗುತ್ತಿದ್ದರು. ಈ ಸಲ ಅವರನ್ನು ಎತ್ತಿಕೊಂಡು ಹೋದ ಕೂಡಲೇ ಓಣಿಯ ಹೆಂಗಸರು ಮನೆಯ ಕಸ ಹೊಡೆದು ನೀರು ಹಾಕಿದರು. ನಾನು ತಿರುಗಿ ಬರುವಷ್ಟರಲ್ಲಿ ನೆಲ ಒಣಗಿತ್ತು. ಅವರು ಕೂರುತ್ತಿದ್ದ ಜಾಗದಲ್ಲಿ ಒಂದು ಕಡ್ಡಿ ಕೂಡ ಉಳಿದಿರಲಿಲ್ಲ. ಯಾರ ಮೇಲೂ ಸಿಟ್ಟು ಮಾಡುವಂತಿಲ್ಲ. ಆದರೂ ನನಗೆ ತುಂಬ ಸಿಟ್ಟು ಬಂತು.

ಆ ಸಿಟ್ಟನ್ನೇ ನಿಮ್ಮ ಮೇಲೆ ತಿರುಗಿಸಿದೆ ಅನ್ನಬಹುದು, ಪೂರ್ತಿ ಹಾಗಲ್ಲ. ಆಸ್ಪತ್ರೆ ಬಿಟ್ಟರೆ ಅವರು ಮಲಗಿದ ಕೊನೆಯ ಜಾಗ ನಿಮ್ಮ ಏಳನೇ ನಂಬರು. ಅಲ್ಲಿ ಅವರಿಗೆ ಅವಮಾನವಾಯಿತು ಎಂಬುದು ನನ್ನೊಳಗೆ ಕೂತುಬಿಟ್ಟಿತ್ತು. ಈಗ ನಿಮ್ಮ ಮಾತು ನಂಬುತ್ತೇನೆ. ಇಷ್ಟು ತಲೆತಿರುಕ ಸುಳ್ಳನ್ನು ಯಾರೂ ಕಟ್ಟಿ ಹೇಳಲಾರರು. ಆದರೆ ನನಗೆ ತಿಳಿದು ಏನು ಬಂತು ಹೇಳಿ. ತಿಳಿಯಬೇಕಾದವರು “ಹೆಸರ ನೋಡ್ಯಾರ” ಎಂದುಕೊಂಡೇ ಹೋದರು. ನನಗೆ ಸಮಾಧಾನವಾಗದೆ ಇರುವುದು ಅದೊಂದಕ್ಕೇ.

ಅವರ ಫೋನು ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಇದೆ. ಸಿಮ್ ಬಂದ್ ಮಾಡಿಸು ಎಂದು ಮಗಳು ಹೇಳುತ್ತಾಳೆ, ನಾಳೆ ನಾಳೆ ಅನ್ನುತ್ತೇನೆ.

ದೇವಕ್ಕ ಅವರಿಗೆ ಹೇಳಿ, ಇನ್ನು ಕಾಯುವುದು ಬೇಡ. ರೂಮಿನ ಕಸ ಹೊಡೆದು ಯಾರಿಗಾದರೂ ಕೊಡಿ.

ಯಶೋಧರಾ


ಯಾದಗಿರಿ
೧೬ ಡಿಸೆಂಬರ್ ೨೦೨೪

ಯಶೋಧರಾ ತಂಗಿಗೆ,

ಪತ್ರ ಓದಿ ಹೇಳಿದೆ. ದೇವಕ್ಕ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು ನನ್ನ ಎದುರು ಕೂತು, ನಾನು ಹೇಳಿದ್ದನ್ನು ಹೇಳಿದಂತೆ ಬರೆ, ನಿನ್ನ ಶಾಣ್ಯಾತನ ಸೇರಿಸಬೇಡ ಅಂದಳು. ಇಲ್ಲಿಂದ ಮುಂದೆ ಮಾತು ಅವಳದು.

“ಯವ್ವಾ ಯಶೋಧರಾ, ಅಂವ ಹಂಗ ತಿಳಕೊಂಡು ಹೋಗಿಲ್ಲ. ಮೂರನೇ ದಿನ ನೀ ರಿಪೋರ್ಟ್ ತರಾಕ ಹೋಗಿದ್ದಿ. ಬಿಹಾರದಂವ ಊರ ಮುಟ್ಟಿದ ಕಾಲ್ ಮುಂಜಾನಿ ಬಂದಿತ್ತು. ನಾ ಕಸಬರಿಗಿ ತಗೊಂಡು ಏಳನೇ ನಂಬರಿಗಿ ಬಂದೆ. ನಿನ್ನ ಗಂಡ ವರಾಂಡಾದಾಗ ಬಿಸಲಿಗಿ ಕುಂತಿದ್ದ. ‘ಅಕ್ಕಾ, ನಿನ್ನೀತನ ಹೊಡಿಲಾರದ ಕಸ ಇವತ್ತ ಹೊಡಿಯಾಕತ್ತಿ, ನಮ್ಮ ಹೆಸರ ಬದಲಾತೇನು?’ ಅಂದ. ನನಗ ಮದಲ ತಿಳೀಲಿಲ್ಲ. ತಿಳಿದ ಮ್ಯಾಲ ಕಸಬರಿಗಿ ಕೈಯಾಗಿಂದ ಬಿತ್ತು. ಅಲ್ಲೇ ಕುಂತು ಎಲ್ಲಾ ಹೇಳಿದೆ. ಅಂವ ಕೇಳಿ ಕೇಳಿ ನಗಾಕತ್ತಿದ, ಕೆಮ್ಮು ಬರೂತನ ನಕ್ಕ. ‘ನಮ್ಮವ್ವನೂ ಹಿಂಗ ಇದ್ದಳು. ನಾ ಬಸ್ಸು ತಗೊಂಡು ಹ್ವಾದ್ರ ಮಧ್ಯಾಹ್ನತನ ಕಸಬರಿಗಿ ಮುಟ್ಟತಿರಲಿಲ್ಲ’ ಅಂದ. ‘ಇಷ್ಟ ವರ್ಷ ಮಂದೀನ ಊರ ಮುಟ್ಟಿಸೀನಿ, ನಮ್ಮವ್ವ ಸತ್ತ ಮ್ಯಾಲ ನಾ ಮುಟ್ಟಿದ್ದು ಕೇಳಿದಾಕಿ ನೀನ’ ಅಂದ.

ನಾ ನಿನಗ ಹೇಳಾಕ ಹೊಂಟಿದ್ದೆ. ಅಂವ ಬ್ಯಾಡ ಅಂದ. ‘ನಮ್ಮಾಕಿ ಸಿಟ್ಟಿನಾಗ ಅದಾಳ. ನಾನ ಹೇಳ್ತೀನಿ. ಊರಿಗಿ ಹೋಗಿ ಪಡಸಾಲ್ಯಾಗ ಕುಂತು ಹೇಳಿದ್ರ ನಗ್ತಾಳ. ಊರ ಮುಟ್ಟಿದ ಮ್ಯಾಲ ನಿನಗ ಮಿಸ್ ಕಾಲ್ ನಾನ ಕೊಡ್ತೀನಿ, ಮರೆಯಂಗಿಲ್ಲ’ ಅಂದ. ಅವತ್ತ ಸಂಜಿಮುಂದ ಗಾಡಿ ಬಂತು.

ಕಸ ಹೊಡಿ ಅಂತ ಬರದಿ. ನೀ ಸಿಟ್ಟಿನಾಗ ಬರದಿಯೋ ಮನಸಿನಿಂದ ಬರದಿಯೋ ನನಗ ಹ್ಯಾಂಗ ತಿಳೀಬೇಕು? ನಿನ್ನ ಮನ್ಯಾಗ ಎಲ್ಲಾ ಲಗೂನ ಆತು. ಇಲ್ಲಿ ಯಾರಿಗೂ ಅವಸರಿಲ್ಲ. ನಿನಗ ಮನಸ ಬಂದಾಗ ಹೇಳು, ಅಲ್ಲೀತನ ಇರ್ಲಿ.”

ಇಷ್ಟು ಹೇಳಿ ಒಳಗೆ ಹೋದಳು. ಅವಳು ಇದನ್ನು ನನಗೂ ಇವತ್ತೇ ಹೇಳಿದ್ದು. ಕೇಳಿದರೆ, ಆತ ತಾನೇ ಹೇಳುತ್ತೇನೆ ಅಂದಮೇಲೆ ನಡುವೆ ನಾನು ಯಾಕೆ ಬಾಯಿ ಹಾಕಲಿ ಅಂದಳು.

ನಿಮ್ಮ ಅಣ್ಣನೆಂದು ತಿಳಿಯಿರಿ,
ಲಿಂಗಣ್ಣ


ಸುರಪುರ
೨೦ ಜನವರಿ ೨೦೨೫

ದೇವಕ್ಕಾ,

ಈ ಪತ್ರ ನಿಮಗೆ. ಲಿಂಗಣ್ಣನವರು ಓದಿ ಹೇಳಲಿ, ನಡುವೆ ನಿಲ್ಲಿಸಬಾರದು.

ಕಲಬುರಗಿಯ ದಾರಿಯಲ್ಲಿ ಅವರು ನನ್ನ ಕೈ ಹಿಡಿದುಕೊಂಡು, “ಲಾಡ್ಜಿನ ಅಕ್ಕಂದು ಒಂದು ಮಾತ ಹೇಳೂದದ” ಅಂದಿದ್ದರು. ನಾನು, ಆ ಲಾಡ್ಜಿನ ಸುದ್ದಿ ಎತ್ತಬೇಡಿ, ಸುಮ್ಮನೆ ಮಲಗಿ, ಮಾತಾಡಿದರೆ ದಣಿವಾಗುತ್ತದೆ ಅಂದೆ. ಅವರು ನಕ್ಕರು. ಯಾಕೆ ನಕ್ಕರು ಎಂದು ಆಗ ತಿಳಿದಿರಲಿಲ್ಲ. ನೋವಿನಲ್ಲಿ ಮುಖ ಹಾಗಾಗಿರಬೇಕು ಅಂದುಕೊಂಡಿದ್ದೆ. ನಿಮ್ಮ ಮಾತು ಓದಿದ ಮೇಲೆ ಗೊತ್ತಾಯಿತು, ಆ ನಗು ನಗುವೇ.

ಒಂದು ತಿಂಗಳು ಈ ಮಾತನ್ನು ಒಬ್ಬಳೇ ಇಟ್ಟುಕೊಂಡು ತಿರುಗಾಡಿದೆ. ಅಡುಗೆ ಮಾಡುತ್ತ ಮಾಡುತ್ತ, “ನಮ್ಮ ಹೆಸರ ಬದಲಾತೇನು” ಎಂದು ಅವರ ದನಿಯಲ್ಲಿ ಅಂದು ನೋಡುತ್ತೇನೆ. ಮಗಳು ಬಂದವಳು ಕೇಳಿಸಿಕೊಂಡು ಹೆದರಿದಳು. ಅವಳಿಗೂ ಪೂರ್ತಿ ಹೇಳಿದೆ, ಅವಳೂ ನಕ್ಕಳು. ಪಡಸಾಲೆಯಲ್ಲೇ ಕೂತಿದ್ದೆವು.

ನಮ್ಮ ಮನೆಯಲ್ಲಿ ಆತ್ಮ, ಪರಲೋಕ ಇವನ್ನೆಲ್ಲ ನಂಬುವುದಿಲ್ಲ. ಬುದ್ಧ ಹೇಳಿದ್ದು ನನಗೆ ಸರಿ ಅನ್ನಿಸುತ್ತದೆ. ಹೋದವರು ಎಲ್ಲಿಗೆ ಮುಟ್ಟಿದರು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ನನ್ನ ಮನೆಯ ಕಸ ನನ್ನನ್ನು ಕೇಳದೆ ಹೋಯಿತು. ಅವರು ತಿರುಗಾಡಿದ ನೆಲ ಹೇಗಿತ್ತೋ ಹಾಗೇ ಇರುವುದು ಈ ಭೂಮಿಯ ಮೇಲೆ ಒಂದೇ ಕಡೆ, ನಿಮ್ಮ ಹತ್ತಿರ. ಕೆಟ್ಟ ಸೇವೆ ಎಂದು ನಾನು ದೂರು ಬರೆದ ಲಾಡ್ಜಿನಲ್ಲಿ.

ಕಸ ಹೊಡೆಯಬೇಡಿ. ಶಾಲೆಗೆ ರಜೆ ಹಾಕಿ ಬರುತ್ತೇನೆ. ಒಂದು ರಾತ್ರಿ ಆ ರೂಮಿನಲ್ಲಿ ಇರುತ್ತೇನೆ.

ನಿಮ್ಮ ತಂಗಿ
ಯಶೋಧರಾ


ಯಾದಗಿರಿ
೨೯ ಜನವರಿ ೨೦೨೫

ತಂಗೀ,

ಬಾ. ಯಾವಾಗ ಬಂದರೂ ಸರಿ, ರೂಮು ನಿನ್ನದೇ. ಲಾಡ್ಜಿನ ಮಾಲೀಕ ಬಂದು ಒಂದು ರೂಮನ್ನು ಇಷ್ಟು ದಿನ ಬೀಗ ಹಾಕಿ ಇಟ್ಟಿದ್ದೇಕೆ ಎಂದು ಕೇಳಿದ. ಒಳಗೆ ಸೋರುತ್ತದೆ ಎಂದು ಹೇಳಿದ್ದೇನೆ. ಆತ ಮೇಲೆ ನೋಡಿದ, ನಾನು ಕ್ಯಾಲೆಂಡರ್ ನೋಡಿದೆ.

ಗೀಸರ್ ರಿಪೇರಿ ಆಗಿದೆ. ನಿನ್ನ ಮೊದಲ ಪತ್ರದ ದೂರಿನಲ್ಲಿ ಅದೂ ಒಂದಿತ್ತು. ಫೋನಿನ ವಿಷಯದಲ್ಲಿ ಮಾತ್ರ ಏನೂ ಸುಧಾರಣೆಯಿಲ್ಲ, ರಿಂಗ್ ಆಗುತ್ತದೆ, ಎತ್ತುವುದಿಲ್ಲ.

ದೇವಕ್ಕ ಸಜ್ಜೆ ರೊಟ್ಟಿ ಬಡಿಯುತ್ತಾಳಂತೆ. ನಮ್ಮ ಮನೆಯ ಊಟ ನೀನು ಉಣ್ಣುತ್ತೀಯೋ ಇಲ್ಲವೋ ಕೇಳು ಅಂದಳು. ಜಾತಿಯ ಲೆಕ್ಕದಲ್ಲಿ ಈ ಮಾತು ನೀನು ನಮ್ಮನ್ನು ಕೇಳಬೇಕಾದ್ದು ಎಂದು ಊರವರು ಅಂದಾರು. ಅವಳಿಗೆ ಅದು ಹೊಳೆದಿಲ್ಲ, ಇದ್ದಂತೆ ಬರೆದಿದ್ದೇನೆ.

ಲಿಂಗಣ್ಣ


ಏಳನೇ ನಂಬರ್ ರೂಮು
೧೫ ಫೆಬ್ರವರಿ ೨೦೨೫, ಮುಂಜಾನೆ

ಅಕ್ಕಾ, ಅಣ್ಣಾ,

ಇದನ್ನು ದಿಂಬಿನ ಕೆಳಗೆ ಇಟ್ಟು ಹೋಗುತ್ತಿದ್ದೇನೆ. ಎದುರಿಗೆ ನಿಂತು ಹೇಳಿದರೆ ನನಗೆ ಅಳು ಬರುತ್ತದೆ, ಬಸ್ ತಪ್ಪುತ್ತದೆ.

ನಿನ್ನೆ ನಾನು ಕದ ಹಾಕಿಕೊಂಡು ಜೋರಾಗಿ ನಕ್ಕಾಗ ನೀವಿಬ್ಬರೂ ಹೊರಗೆ ಬಂದು ನಿಂತಿದ್ದು ನನಗೆ ಗೊತ್ತು. ನೀವು ಕೇಳಲಿಲ್ಲ. ಈಗ ಹೇಳುತ್ತೇನೆ. ಮಂಚದ ಕೆಳಗೆ, ಗೋಡೆಯ ಮೂಲೆಯಲ್ಲಿ ಶೇಂಗಾ ಸಿಪ್ಪೆ ಸಿಕ್ಕವು. ಉಪ್ಪು ಶೇಂಗಾ. ಡಾಕ್ಟರರು ಅವರಿಗೆ ಉಪ್ಪು ಪೂರ್ತಿ ಬಿಡಿಸಿದ್ದರು. ಆ ಮೂರು ದಿನ ಸಪ್ಪೆ ಗಂಜಿ ಕುಡಿಸುವಾಗ ಅವರು ಚಕಾರ ಎತ್ತಿರಲಿಲ್ಲ. ಎಷ್ಟು ಗುಣವಂತರಾದರಲ್ಲ ಎಂದು ನನಗೆ ಭಯವಾಗಿತ್ತು, ಸಾಯುವವರು ಹಾಗಾಗುತ್ತಾರಂತೆ. ಇವರು ಮೂರನೇ ದಿನ ಅಕ್ಕ ಕಸ ಹೊಡೆದು ಹೋದ ಮೇಲೆ, ನಾನು ರಿಪೋರ್ಟಿಗೆ ಅಲೆಯುವಾಗ ಯಾರ ಕೈಯಿಂದಲೋ ತರಿಸಿ ತಿಂದು, ಸಿಪ್ಪೆಯನ್ನು ಮಂಚದ ಕೆಳಗೆ ತಳ್ಳಿದ್ದಾರೆ. ಹಳೆಯ ಮನುಷ್ಯನೇ ಇದ್ದರು. ಕಡೆಯ ದಿನದವರೆಗೆ ನನಗೆ ಮೋಸ ಮಾಡುತ್ತ ಖುಷಿಯಾಗಿದ್ದರು.

ಸ್ವಚ್ಛವಾದ ಲಾಡ್ಜಿನಲ್ಲಿ ಇಳಿದಿದ್ದರೆ ನನಗೆ ಇದು ಎಂದೂ ಸಿಗುತ್ತಿರಲಿಲ್ಲ.

ಒಂದು ಸಿಪ್ಪೆ ಮಾತ್ರ ಸೆರಗಿನಲ್ಲಿ ಕಟ್ಟಿಕೊಂಡಿದ್ದೇನೆ. ಉಳಿದದ್ದನ್ನು ನಾನೇ ಗುಡಿಸುತ್ತೇನೆ ಅಂದರೆ ನಿನ್ನೆ ರಾತ್ರಿ ದೇವಕ್ಕ ಕಸಬರಿಗೆ ಕಸಿದುಕೊಂಡರು. ನೀನು ಇನ್ನೂ ಹೊರಡುವವಳು, ನೀನು ಮುಟ್ಟಿದ ಮೇಲೆ ಅಂದರು. ಇರಲಿ. ಈ ಲಾಡ್ಜಿನಲ್ಲಿ ಗಿರಾಕಿಯ ಮಾತು ನಡೆಯುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿದೆ.

ಊರು ಮುಟ್ಟಿದ ಮೇಲೆ ಮಿಸ್ ಕಾಲ್ ಬರುತ್ತದೆ. ಎತ್ತಬೇಡಿ.

ಯಶೋಧರಾ


ಯಾದಗಿರಿ
೧೬ ಫೆಬ್ರವರಿ ೨೦೨೫

ತಂಗೀ,

ನಿನ್ನೆ ನೀನು ಬಸ್ ಹತ್ತಿದ ಮೇಲೆ ಇಲ್ಲಿ ನಡೆದದ್ದನ್ನು ನೀನು ಕಾಣಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದಿಂಬಿನ ಕೆಳಗಿನ ಪತ್ರ ಓದಿ ಹೇಳಿದೆ. ದೇವಕ್ಕ ನಕ್ಕಳು, ಅತ್ತಳು. ಶೇಂಗಾ ತಂದುಕೊಟ್ಟವರು ಯಾರು ಎಂದು ಕೇಳಿದರೆ ಒಳಗೆ ಹೋಗಿ ಪಾತ್ರೆ ತಿಕ್ಕತೊಡಗಿದಳು. ಉತ್ತರ ನಿನಗೂ ತಿಳಿಯಿತು, ನನಗೂ ತಿಳಿಯಿತು.

ಆಮೇಲೆ ಫೋನನ್ನು ಕೌಂಟರಿನ ಮೇಲೆ ಇಟ್ಟುಕೊಂಡು ಎದುರಿಗೆ ಕೂತಳು. ಈಗ ಭೀಮಾ ನದಿಯ ಪೂಲು ದಾಟಿರಬೇಕು ಅಂದಳು. ಸ್ವಲ್ಪ ಹೊತ್ತಾದ ಮೇಲೆ, ಈಗ ಶಹಾಪುರ ಬಂದಿರಬೇಕು, ಮಲಗಿದ ಬುದ್ಧನ ಗುಡ್ಡ ಕಾಣುತ್ತಿರಬೇಕು ಅಂದಳು. ಆ ಗುಡ್ಡ ಬಂದಾಗ ಡ್ರೈವರ್ ಸಾಹೇಬರು ಬಸ್ಸು ನಿಧಾನ ಮಾಡುತ್ತಿದ್ದರು ಎಂದು ಮೊನ್ನೆ ನೀನು ಹೇಳಿದ್ದು ಅವಳಿಗೆ ನೆನಪಿತ್ತು. ಊಟಕ್ಕೆ ಏಳು ಎಂದರೆ ಏಳಲಿಲ್ಲ. ಇಬ್ಬರು ಗಿರಾಕಿಗಳು ರೂಮು ಕೇಳಿ ಬಂದರು, ಅವರಿಗೂ ಕೂರಲು ಹೇಳಿದಳು.

ಮಧ್ಯಾಹ್ನ ಫೋನ್ ರಿಂಗ್ ಆಯಿತು. ಯಾವ ನಂಬರ್ ನೋಡು ಅಂದಳು. ನಾನು ನೋಡಿದೆ. ನಿನ್ನ ನಂಬರ್ ಆಗಿರಲಿಲ್ಲ. ಜುಲೈಯಿಂದ ನನಗೆ ಬಾಯಿಪಾಠವಾಗಿರುವ ನಂಬರು ಅದು. ಒಂದೊಂದೇ ಅಂಕಿ ಇನ್ನೊಮ್ಮೆ ನೋಡಿದೆ. ಯಾರು, ಯಾರು ಎಂದು ಎರಡು ಸಲ ಕೇಳಿದಳು.

“ಮರಿಲಿಂಗ” ಅಂದೆ.

ಫೋನು ಪೂರ್ತಿ ರಿಂಗ್ ಆಗಿ ನಿಂತಿತು. ದೇವಕ್ಕ ಎರಡೂ ಕೈ ಎತ್ತಿ ಅದಕ್ಕೆ ಮುಗಿದಳು. “ಮಾತಿಗಿ ತಪ್ಪಲಿಲ್ಲ ನೋಡು. ಮುಟ್ಟಿದ” ಅಂದಳು.

ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಮೂಲೆಯಲ್ಲಿದ್ದ ಕಸಬರಿಗೆ ತೆಗೆದುಕೊಂಡು ಏಳನೇ ನಂಬರಿನ ಕಡೆಗೆ ಹೋದಳು. ನಾನು ಕೌಂಟರಿನಲ್ಲೇ ಕೂತಿದ್ದೆ. ಕಸ ಹೊಡೆಯುವ ಸಪ್ಪಳ ಬಹಳ ಹೊತ್ತು ಕೇಳಿಸುತ್ತಿತ್ತು.

ಲಿಂಗಣ್ಣ